ಎಕ್ಸ್‌ರೇಯಲ್ಲಿ ಹೃದಯ ದೊಡ್ಡದಾಗಿ ಕಂಡರೆ ಸಿಟಿ ಸ್ಕ್ಯಾನ್ ಬೇಕೇ?

ಪ್ರಶ್ನೆ: ಅಪ್ಪನಿಗೆ 62 ವರ್ಷ. ಚಿಕ್ಕಂದಿನಿಂದ ಮಂಡಕ್ಕಿ ಭಟ್ಟಿಯಲ್ಲಿ ದುಡಿದವರು, ಈಗಲೂ ಹೋಗುತ್ತಾರೆ. ಬೀಡಿ ಬಿಟ್ಟಿದ್ದಾರೆ. ಆದರೂ ಮೆಟ್ಟಿಲು ಹತ್ತಿದರೆ ಏದುಸಿರು, ಬೆಳಗ್ಗೆ ಕೆಮ್ಮು, ಕಫ. ಎಕ್ಸ್‌ರೇ ರಿಪೋರ್ಟ್‌ನಲ್ಲಿ ಶ್ವಾಸಕೋಶ ಉಬ್ಬಿದೆ, ಹೃದಯ ದೊಡ್ಡದಾಗಿದೆ ಅಂತಿದೆ. ಡಾಕ್ಟರು ಎಕೋ (ಹೃದಯದ ಅಲ್ಟ್ರಾಸೌಂಡ್), ಊದುವ ಪರೀಕ್ಷೆ ಬರೆದಿದ್ದಾರೆ. ಸಿಟಿ ಮಾಡಿಸಿದರೆ ಒಂದೇ ಸಲಕ್ಕೆ ಎಲ್ಲಾ ಗೊತ್ತಾಗುತ್ತೆ ಅಲ್ವಾ ಅಂತಾರೆ ಸೋದರಮಾವ. ಏನು ಮಾಡಲಿ?
– ಓದುಗರೊಬ್ಬರು, ದಾವಣಗೆರೆ

ಉತ್ತರ: ಡಾಕ್ಟರು ಬರೆದದ್ದೇ ಸರಿ. ಮೊದಲು ಆ ಎರಡು ಪರೀಕ್ಷೆ ಮಾಡಿಸಿ.

ಎಕ್ಸ್‌ರೇಯಲ್ಲಿ ಕಾಣುವುದು ನೆರಳು. ಫಿಲ್ಮನ್ನು ಕಿಟಕಿ ಬೆಳಕಿಗೆ ಹಿಡಿಯಿರಿ, ಅಂಚಿನಲ್ಲಿ ಪಿಎ ಅಥವಾ ಎಪಿ ಅಂತ ಇದೆಯಾ ನೋಡಿ. ಎದೆಯನ್ನು ಪ್ಲೇಟಿಗೆ ಒತ್ತಿ ನಿಲ್ಲಿಸಿ ಬೆನ್ನ ಕಡೆಯಿಂದ ತೆಗೆದದ್ದು ಪಿಎ. ಅದರಲ್ಲಿ ಹೃದಯದ ಅಗಲ ಎದೆಗೂಡಿನ ಒಳಅಗಲದ ಅರ್ಧಕ್ಕಿಂತ ಜಾಸ್ತಿ ಇದ್ದರೆ ದೊಡ್ಡದು ಅಂತ ಬರೆಯುತ್ತಾರೆ. ಎಪಿ ಅಂದರೆ ಮುಂದಿನಿಂದ ತೆಗೆದದ್ದು, ಹೆಚ್ಚಾಗಿ ಮಲಗಿದವರಿಗೆ. ಹೃದಯ ಪ್ಲೇಟಿನಿಂದ ದೂರ ಉಳಿಯುವುದರಿಂದ ನೆರಳು ಹಿಗ್ಗಿ, ಸರಿಯಿರುವ ಹೃದಯವೂ ದೊಡ್ಡದಾಗಿ ಕಾಣಬಹುದು. ಉಸಿರು ಪೂರ್ತಿ ಎಳೆದುಕೊಳ್ಳದಿದ್ದರೂ ಹಾಗೇ.

ಆದರೆ ನಿಮ್ಮ ತಂದೆಯದು ಪಿಎ ಫಿಲ್ಮೇ ಆಗಿದ್ದರೆ ನಾನು ಹಗುರವಾಗಿ ತೆಗೆದುಕೊಳ್ಳುವುದಿಲ್ಲ. ಹೊಗೆಯಿಂದ ಶ್ವಾಸಕೋಶ ಉಬ್ಬಿದವರಲ್ಲಿ ವಪೆ, ಅಂದರೆ ಎದೆ ಹೊಟ್ಟೆ ನಡುವಿನ ಸ್ನಾಯುವಿನ ಪರದೆ, ಚಪ್ಪಟೆಯಾಗಿ ಹೃದಯ ಸಾಮಾನ್ಯವಾಗಿ ಸಪೂರವಾಗಿ, ಉದ್ದಕ್ಕೆ ಕಾಣುತ್ತದೆ. ಅಂಥ ಎದೆಯಲ್ಲೂ ಅಗಲವಾಗಿ ಕಂಡಿದೆ ಅಂದರೆ ಹೃದಯಕ್ಕೂ ತೊಂದರೆ ಇರಬಹುದು. ಹೃದಯ ಎಷ್ಟು ಬಲವಾಗಿ ಪಂಪ್ ಮಾಡುತ್ತಿದೆ, ಕವಾಟ ಹೇಗಿದೆ, ಶ್ವಾಸಕೋಶದ ಕಾಯಿಲೆಯಿಂದ ಬಲಭಾಗಕ್ಕೆ ಒತ್ತಡ ಬಿದ್ದಿದೆಯಾ ಅನ್ನುವುದನ್ನೆಲ್ಲ ಎಕೋ ತೋರಿಸುತ್ತದೆ. ಅದರಲ್ಲಿ ವಿಕಿರಣ ಇಲ್ಲ. ಊದುವ ಪರೀಕ್ಷೆ, ಅಂದರೆ ಸ್ಪೈರೋಮೆಟ್ರಿ, ಉಸಿರಿನ ದಾರಿ ಎಷ್ಟು ಕಟ್ಟಿದೆ ಅಂತ ಹೇಳುತ್ತದೆ. ಇನ್‌ಹೇಲರ್ ಬೇಕಾ, ಹೃದಯದ ಮಾತ್ರೆ ಬೇಕಾ, ಎರಡೂ ಬೇಕಾ ಅಂತ ತೀರ್ಮಾನ ಆಗುವುದು ಇವುಗಳಿಂದ. ಮಾಮೂಲಿ ಸಿಟಿ ಇವೆರಡಕ್ಕೂ ಬದಲಿಯಲ್ಲ.

ಎದೆ ಎಕ್ಸ್‌ರೇಯಲ್ಲಿ ಸುಮಾರು 0.1 ಮಿಲಿಸೀವರ್ಟ್ ವಿಕಿರಣ, ಸಿಟಿಯಲ್ಲಿ ಸುಮಾರು 6. ಬೇಕಾದಾಗ ಹೆದರದೆ ಮಾಡಿಸಬೇಕು, ಸುಮ್ನೆ ಮಾಡಿಸಬಾರದು. ಕಫದಲ್ಲಿ ರಕ್ತ, ತೂಕ ಇಳಿಯುವುದು, ಎಕ್ಸ್‌ರೇಯಲ್ಲಿ ಅನುಮಾನದ ಗಂಟು, ಇಂಥದ್ದಿದ್ದರೆ ಸಿಟಿ ಬೇಕೇ ಬೇಕು. ಕೆಮ್ಮು ಎರಡು ವಾರ ದಾಟಿದೆ ಅಲ್ವಾ, ಕಫವನ್ನು ಕ್ಷಯಕ್ಕೂ ಪರೀಕ್ಷೆ ಮಾಡಿಸಿ. ಚಿಗಟೇರಿ ಜಿಲ್ಲಾ ಆಸ್ಪತ್ರೆಯಲ್ಲಿ ಕೇಳಿ, ಸರ್ಕಾರಿ ಆಸ್ಪತ್ರೆಗಳಲ್ಲಿ ಇದು ಉಚಿತ. ಹಳೆಯ ಎಕ್ಸ್‌ರೇ ಇದ್ದರೆ ಜೊತೆಗೇ ಒಯ್ಯಿರಿ, ಹೋಲಿಸಿ ನೋಡಲು ಅದು ತುಂಬಾ ಮುಖ್ಯ.

ರಾತ್ರಿ ಚಪ್ಪಟೆ ಮಲಗಲು ಆಗದೆ ಎದ್ದು ಕೂರುತ್ತಿದ್ದರೆ, ಕಾಲು ಊದಿದ್ದರೆ, ಎರಡು ಮೂರು ದಿನದಲ್ಲಿ ತೂಕ 2 ಕೆಜಿ ಏರಿದ್ದರೆ ಅವತ್ತೇ ಡಾಕ್ಟರಿಗೆ ತೋರಿಸಿ. ಎದೆನೋವು ಬಂದರೆ, ತುಟಿ ನೀಲಿಯಾದರೆ 108ಕ್ಕೆ ಫೋನ್ ಮಾಡಿ.

ಇನ್ನೊಂದು ಮಾತು. ಹೊಗೆ ತಪ್ಪದಿದ್ದರೆ ಯಾವ ಔಷಧಿಯೂ ಪೂರ್ತಿ ಹಿಡಿಯುವುದಿಲ್ಲ. ಕೆಲಸ ಬಿಡಲು ಆಗದಿದ್ದರೆ, ಒಲೆ ಮುಂದಿನಿಂದ ತೆಗೆದು ಮಂಡಕ್ಕಿ ಚೀಲ ತುಂಬುವ ಕಡೆಗಾದರೂ ಹಾಕಿ ಅಂತ ಭಟ್ಟಿ ಮಾಲೀಕರನ್ನು ನೀವೇ ಹೋಗಿ ಕೇಳಿ.