ಅದು ಸೋರಿಕೆಯೇ ಅಲ್ಲ, ಸಿಲಿಕೋನ್ ಕೆಳಗಿಡಿ

ಮಳೆ ನಿಂತು ತಿಂಗಳಾದರೂ ಬೆಳಗಿನ ಹೊತ್ತು ತಗಡಿನ ಛಾವಣಿಯಿಂದ ನೀರು ತೊಟ್ಟಿಕ್ಕುತ್ತದೆ, ರಿಡ್ಜ್ ಶೀಟಿನ, ಅಂದರೆ ಎರಡೂ ಇಳಿಜಾರು ಕೂಡುವ ನೆತ್ತಿಯ ಮೇಲೆ ಹೊದಿಸುವ ತಗಡಿನ, ಸಂದಿಗೆ ಯಾವ ಸಿಲಿಕೋನ್ ಒಳ್ಳೆಯದು ಎಂದು ಕೇಳಿದ್ದೀರಿ. ಯಾವುದೂ ಬೇಡ. ಇದೇ ಪ್ರಶ್ನೆಯನ್ನು ಅಂಗಡಿಯವನಲ್ಲಿ ಕೇಳಿ, ಹದಿನಾಲ್ಕು ಟ್ಯೂಬ್ ತಂದು ಬಳಿದು, ಆರು ಕ್ವಿಂಟಲ್ ಅಡಿಕೆ ಹಾಳು ಮಾಡಿಕೊಂಡವನು ನಾನು.

ನಮ್ಮದು ಶಿರಸಿ ಕಡೆಯ ಹಳ್ಳಿ. ಅಡಿಕೆ ಶೆಡ್ಡಿನ ಮೇಲೆ ಮೊದಲು ಮಂಗಳೂರು ಹೆಂಚಿತ್ತು. ಮಂಗಗಳು ವರ್ಷವೂ ಒಡೆಯುತ್ತಿದ್ದವು, ಮಳೆಗಾಲಕ್ಕೆ ಮುಂಚೆ ಹತ್ತಿ ಸರಿಮಾಡುವವರು ಸಿಗುತ್ತಿರಲಿಲ್ಲ. ಎಲ್ಲರಂತೆ ನಾವೂ ಹೆಂಚು ಇಳಿಸಿ ಬಣ್ಣದ ಶೀಟು ಹಾಕಿಸಿದೆವು. ಮೊದಲ ಆಷಾಢದಲ್ಲೇ ಗಾಳಿಮಳೆಗೆ ನೆತ್ತಿಯಿಂದ ಅಲ್ಲಲ್ಲಿ ಹನಿ ಬಿತ್ತು. ಶೀಟು ಹಾಕಿದ ಮೇಸ್ತ್ರಿ ಫೋನ್ ಎತ್ತಲಿಲ್ಲ. ಮಳೆ ಸ್ವಲ್ಪ ಹೊಳವಾದಾಗ ನಾನೇ ಏಣಿ ಹತ್ತಿದೆ. ರಿಡ್ಜ್‌ನ ಉದ್ದಕ್ಕೂ, ಶೀಟಿನ ಏಣುಗಳ ನಡುವೆ ಕಾಣುತ್ತಿದ್ದ ಪ್ರತಿ ಸಂದಿಗೂ ಫೋಮ್ ತುಂಬಿ, ಮೇಲೆ ಸಿಲಿಕೋನ್ ಎಳೆದೆ. ಅಷ್ಟಕ್ಕೇ ಬಿಡಲಿಲ್ಲ. ಎರಡೂ ತುದಿಯ ತ್ರಿಕೋನದ ಗೋಡೆಯಲ್ಲಿದ್ದ ಜಾಲರಿ ಕಿಂಡಿಗಳಿಗೂ ಎರಚಲು ಬಾರದಿರಲೆಂದು ತಗಡು ಹೊಡೆದೆ. ಕೆಳಗಿಳಿದು ನೋಡಿ ನನ್ನ ಕೆಲಸಕ್ಕೆ ನಾನೇ ಮೆಚ್ಚಿಕೊಂಡಿದ್ದೆ.

ಡಿಸೆಂಬರ್‌ನಲ್ಲಿ ಚಾಲಿಗೆಂದು, ಅಂದರೆ ಸಿಪ್ಪೆಸಮೇತ ಬಿಸಿಲಲ್ಲಿ ಒಣಗಿಸಿ ಸುಲಿಯಲೆಂದು, ಹಣ್ಣಡಿಕೆ ಅಂಗಳದಲ್ಲಿತ್ತು. ಆ ವರ್ಷ ಇಬ್ಬನಿ ಜಾಸ್ತಿ. ಅರೆ ಒಣಗಿದ ಅಡಿಕೆ ನೆನೆಯಬಾರದೆಂದು ಒಂದು ಭಾಗವನ್ನು ಶೆಡ್ಡಿನೊಳಗೆ ತಂದು ಹರಡಿದೆ. ಅದೇ ಶೆಡ್ಡಿನ ಮೂಲೆಯ ಒಲೆಯಲ್ಲಿ ಸಂಜೆ ಹಸಿ ಅಡಿಕೆ ಬೇಯುತ್ತಿತ್ತು. ಬೆಳಿಗ್ಗೆ ನೋಡಿದರೆ ಹರಡಿದ ಅಡಿಕೆಯ ಮೇಲೆ ಒದ್ದೆ ಪಟ್ಟೆಗಳು. ‘ಇನ್ನೂ ಎಲ್ಲೋ ಸಂದಿ ಉಳಿದಿದೆ’ ಎಂದುಕೊಂಡು ಮತ್ತೆ ನಾಲ್ಕು ಟ್ಯೂಬ್ ತಂದೆ. ಹದಿನಾಲ್ಕರಲ್ಲಿ ಕೊನೆಯ ನಾಲ್ಕು ಇವೇ. ಆಕಾಶದಲ್ಲಿ ಒಂದು ಮೋಡವಿಲ್ಲ, ಮಳೆ ಬಂದು ತಿಂಗಳಾಗಿದೆ, ನಾನು ಮಾತ್ರ ಮಾಡಿನ ಮೇಲೆ ಕೂತು ಮಳೆನೀರಿನ ದಾರಿ ಹುಡುಕುತ್ತಿದ್ದೇನೆ! ಈ ದಡ್ಡತನವನ್ನು ಇವತ್ತಿಗೂ ಹೆಂಡತಿ ನೆನಪಿಸುತ್ತಾಳೆ.

ಕೊನೆಗೊಂದು ಬೆಳಿಗ್ಗೆ ಆರಕ್ಕೆ ಟಾರ್ಚ್ ಹಿಡಿದು ಒಳಗಿನಿಂದಲೇ ಏಣಿ ಹತ್ತಿದೆ. ಶೀಟಿನ ಒಳಮೈ ಪೂರ್ತಿ ಸಾಸಿವೆ ಗಾತ್ರದ ಹನಿ. ಬೆರಳಲ್ಲಿ ಒಂದು ಗೆರೆ ಎಳೆದರೆ ಹನಿಗಳು ಕೂಡಿಕೊಂಡು ಇಳಿಜಾರಿನಲ್ಲಿ ಓಡಿ, ಕೆಳಗಿನ ಕಬ್ಬಿಣದ ಅಡ್ಡಪಟ್ಟಿಗೆ ತಾಗಿ ಅಲ್ಲಿಂದ ಬಿದ್ದವು. ಅಡಿಕೆಯ ಮೇಲಿನ ಒದ್ದೆ ಪಟ್ಟೆಗಳು ಇದ್ದದ್ದೂ ಆ ಅಡ್ಡಪಟ್ಟಿಗಳ ನೇರಕ್ಕೇ. ರಿಡ್ಜ್‌ನ ಅಡಿಯಲ್ಲಿದ್ದ ಅಡಿಕೆ ಬೇರೆಡೆಗಿಂತ ಹೆಚ್ಚು ನೆನೆದಿರಲಿಲ್ಲ. ಹೊರಗಿನ ಇಬ್ಬನಿಗೆ ಹೆದರಿ ಒಳಗೆ ತಂದಿದ್ದೆ, ಒಳಗೇ ಇಬ್ಬನಿ ಬಿದ್ದಿತ್ತು.

ಇದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ, ಏಕೆಂದರೆ ನೀವೂ ಇಲ್ಲೇ ಎಡವುತ್ತಿದ್ದೀರಿ. ಅರ್ಧ ಮಿಲಿಮೀಟರ್ ದಪ್ಪದ ತಗಡು ಬಿಸಿಯನ್ನು ಹಿಡಿದಿಟ್ಟುಕೊಳ್ಳುವುದಿಲ್ಲ. ಮೋಡವಿಲ್ಲದ ರಾತ್ರಿ ಅದು ತನ್ನ ಶಾಖವನ್ನು ಆಕಾಶಕ್ಕೆ ಬಿಟ್ಟುಕೊಟ್ಟು ಸುತ್ತಲಿನ ಗಾಳಿಗಿಂತಲೂ ತಣ್ಣಗಾಗುತ್ತದೆ. ಒಲೆಯ ಹಬೆ, ಅರೆ ಒಣಗಿದ ಅಡಿಕೆ ಬಿಡುವ ತೇವ, ಮನೆಯಾದರೆ ಅಡುಗೆ, ಸ್ನಾನದ ಹಬೆ, ಎಲ್ಲ ಮೇಲೇರಿ ಆ ತಣ್ಣನೆಯ ತಗಡಿಗೆ ತಾಗಿ ನೀರಾಗುತ್ತವೆ. ಮೇಲೇರಿದ್ದು ಹೊರಹೋಗಲು ನೆತ್ತಿಯಲ್ಲಿ ದಾರಿಯಿದ್ದರೆ ಇಷ್ಟಾಗುವುದಿಲ್ಲ. ಇದ್ದಬದ್ದ ದಾರಿಯನ್ನೂ ನಾನು ದುಡ್ಡು ಕೊಟ್ಟು ಮುಚ್ಚಿದ್ದೆ. ಹೆಂಚಿದ್ದಾಗ ಒಲೆ ಹೊತ್ತಿಸಿದರೆ ಇಡೀ ಮಾಡಿನ ಸಂದುಸಂದಿನಿಂದ ಹೊಗೆ ಏಳುವುದು ತೋಟದಿಂದಲೇ ಕಾಣುತ್ತಿತ್ತು. ಹೊಗೆ ಹೋಗುತ್ತಿದ್ದ ದಾರಿಯಲ್ಲೇ ಹಬೆಯೂ ಹೋಗುತ್ತಿತ್ತು ಎಂದು ನನಗೆ ಹೊಳೆದಿರಲೇ ಇಲ್ಲ. ಬೂಸ್ಟು ಹಿಡಿದ ಆ ಅಡಿಕೆಯನ್ನು ಕೋಕದ, ಅಂದರೆ ಕೆಟ್ಟದ್ದೆಂದು ಬೇರೆ ತೆಗೆದಿಡುವ ಕೀಳು ದರ್ಜೆಯ ಅಡಿಕೆಯ, ದರಕ್ಕೆ ಕೊಟ್ಟೆ. ಚಾಲಿಗೂ ಕೋಕಕ್ಕೂ ಇರುವ ಅಂತರ ಅಡಿಕೆ ಬೆಳೆಯುವವರಿಗೆ ಬಿಡಿಸಿ ಹೇಳಬೇಕಿಲ್ಲ.

ಹಾಗಾದರೆ ಮಳೆಗಾಲದ ಹನಿ? ಅದು ನಿಜವಾದ ಸೋರಿಕೆಯೇ, ಆದರೆ ತಪ್ಪು ಇದ್ದದ್ದು ಜೋಡಣೆಯಲ್ಲಿ. ಮರುವರ್ಷ ಬೇರೆ ಕೆಲಸಗಾರ ಬಂದು ರಿಡ್ಜ್ ಬಿಚ್ಚಿದಾಗ ಎಲ್ಲ ಗೊತ್ತಾಯಿತು. ಶೀಟಿನ ತಗ್ಗುಗಳ ಮೇಲ್ತುದಿಯನ್ನು ಇಕ್ಕಳದಿಂದ ಮೇಲಕ್ಕೆ ಮಡಿಸಬೇಕು, ಗಾಳಿ ನೂಕಿದ ನೀರು ಅಲ್ಲೇ ತಡೆದು ವಾಪಸ್ ಇಳಿಯುತ್ತದೆ. ನಮ್ಮದರಲ್ಲಿ ಮಡಿಸಿರಲಿಲ್ಲ. ರಿಡ್ಜ್ ತುಂಡುಗಳನ್ನು ಪಶ್ಚಿಮದಿಂದ ಜೋಡಿಸುತ್ತಾ ಬಂದಿದ್ದರಿಂದ ಪ್ರತಿ ಜೋಡಣೆಯ ಬಾಯಿ ಮಳೆಗಾಳಿಗೆ ಎದುರಾಗಿತ್ತು. ನಮ್ಮ ಕಡೆ ಪೂರ್ವದ ತುದಿಯಿಂದ ಶುರುಮಾಡಿ, ಪಶ್ಚಿಮದ ತುಂಡು ಮೇಲೆ ಬರುವಂತೆ ಹಾಕಬೇಕು, ಒಂದರ ಮೇಲೊಂದು ಆರು ಇಂಚಾದರೂ ಕೂರಬೇಕು. ಇವೆರಡನ್ನು ಸರಿಮಾಡಿದ ಮೇಲೆ ಅಲ್ಲಿ ಹನಿ ಬಿದ್ದಿಲ್ಲ.

ಈಗ ನೆತ್ತಿಯಲ್ಲಿ ಎರಡು ಕಡೆಯ ಶೀಟುಗಳ ನಡುವೆ ಎರಡು ಇಂಚು ಸಂದು ಬಿಟ್ಟಿದ್ದೇವೆ. ಅದರ ಮೇಲೆ, ಸ್ವಲ್ಪ ಎತ್ತರಿಸಿದ ಅಗಲ ರೆಕ್ಕೆಯ ರಿಡ್ಜ್. ರೆಕ್ಕೆಯ ಅಡಿಗೆ ತೂತು ತಗಡು, ಹಾವು ಇಲಿ ಬಾವಲಿ ನುಗ್ಗದಂತೆ. ಇಷ್ಟೇ ಮಾಡಿ ಕೆಳಗೆ ಸೂರಿನಂಚನ್ನು ಮುಚ್ಚಿಟ್ಟರೆ ಪ್ರಯೋಜನವಿಲ್ಲ. ಕೆಳಗಿನಿಂದ ಗಾಳಿ ಬರದೆ ಮೇಲಿನಿಂದ ಹೋಗುವುದಾದರೂ ಏನು? ಸೂರಿನಡಿಯ ಕಿಂಡಿಗಳ ಒಟ್ಟು ಬಾಯಿ ರಿಡ್ಜ್‌ನ ಬಾಯಿಗಿಂತ ಕಡಿಮೆಯಾಗದಿರಲಿ. ಮಾಡಿನ ಮೇಲೆ ಕೂತು ಗಾಳಿಗೆ ಗಿರಗಿರ ತಿರುಗುತ್ತಾ ಒಳಗಿನ ಗಾಳಿ ಹೊರಹಾಕುವ ಟರ್ಬೊ ವೆಂಟಿಲೇಟರ್ ಬಗ್ಗೆಯೂ ಕೇಳಿದ್ದೀರಿ. ಗೋದಾಮಿಗೆ ಇರಲಿ. ಮಲೆನಾಡಿನ ಮನೆಯ ಮಾಡಿಗೆ ಅಷ್ಟು ದೊಡ್ಡ ತೂತು ಕೊರೆದು ಇನ್ನೊಂದು ಸೋರುವ ಜಾಗ ಮಾಡಿಕೊಳ್ಳುವುದು ನನಗಂತೂ ಒಪ್ಪಿಗೆಯಿಲ್ಲ.

ಸಿಲಿಕೋನ್ ಹಾಕಲೇಬೇಕಾದ ಕಡೆ, ಅಂದರೆ ರಿಡ್ಜ್ ತುಂಡುಗಳ ಜೋಡಣೆಯ ಒಳಗೆ ಮಾತ್ರ, ವಿನೆಗರ್ ವಾಸನೆಯದು ಬೇಡ, ಅದರ ಆಮ್ಲ ಶೀಟಿನ ಸತುವಿನ ಲೇಪವನ್ನು ತಿನ್ನುತ್ತದೆ. ನ್ಯೂಟ್ರಲ್ ಎಂದು ಬರೆದಿರುವುದನ್ನು ಕೇಳಿ. ಹೆಂಚಿನ ಕಾಲದ ಅಭ್ಯಾಸದಲ್ಲಿ ಮೇಸ್ತ್ರಿ ಸಿಮೆಂಟ್ ಗಾರೆ ಮೆತ್ತಲು ಹೊರಟರೆ ತಡೆಯಿರಿ, ಅದೂ ಲೇಪವನ್ನು ಕೆಡಿಸುತ್ತದೆ. ಮೇಲಾಗಿ ಆರು ಮೀಟರ್ ಶೀಟು ರಾತ್ರಿಯ ಚಳಿಗೂ ಮಧ್ಯಾಹ್ನದ ಬಿಸಿಲಿಗೂ ಎರಡು ಮೂರು ಮಿಲಿಮೀಟರ್ ಹಿಗ್ಗಿ ಕುಗ್ಗುತ್ತದೆ, ಗಾರೆ ಒಂದೇ ಬೇಸಿಗೆಯಲ್ಲಿ ಬಿರಿಯುತ್ತದೆ.

ನಾಳೆ ಬೆಳಿಗ್ಗೆ ಬಿಸಿಲೇರುವ ಮುಂಚೆ ಶೀಟಿನ ಒಳಮೈ ಮುಟ್ಟಿ ನೋಡಿ. ರಿಡ್ಜ್‌ನಿಂದ ಹತ್ತು ಅಡಿ ದೂರದಲ್ಲೂ ಕೈ ಒದ್ದೆಯಾದರೆ ಅಂಗಡಿಗೆ ಹೋಗಬೇಡಿ, ಸೂರಿನಡಿಯಲ್ಲಿ ಏನೇನು ಮುಚ್ಚಿದ್ದೀರಿ ನೋಡಿ. ಮಂಗಗಳ ವಿಷಯ ಮಾತ್ರ ನನ್ನನ್ನು ಕೇಳಬೇಡಿ. ಎತ್ತರಿಸಿದ ಹೊಸ ರಿಡ್ಜ್ ಈಗ ಅವುಗಳಿಗೆ ಕೂರಲು ಇನ್ನೂ ಅನುಕೂಲವಾಗಿದೆ, ಎರಡು ಕಡೆ ಆಗಲೇ ತಗ್ಗು ಬಿದ್ದಿದೆ.