ಹಾಫ್ ಪ್ಲೇಟ್ ಗೋಬಿಯ ಲೆಕ್ಕ

ಹದಿನಾರರ ಆ ಹುಡುಗಿಯನ್ನು ಸವಿತಾ ಎನ್ನೋಣ. ಹೆಸರು, ಗುರುತು ಬದಲಿಸಿದ್ದೇನೆ. ಮಂಡ್ಯ ಜಿಲ್ಲೆಯವಳು, ಪ್ರಥಮ ಪಿಯುಸಿ. ತಾಯಿಗೆ ಗಾರ್ಮೆಂಟ್ಸ್ ಕೆಲಸ. ಆಪ್ತ ಸಮಾಲೋಚಕಿಯಾದ ನನ್ನೆದುರು ಕುಳಿತ ತಕ್ಷಣ ತಾಯಿ ಶುರು ಮಾಡಿದರು: "ಮೇಡಂ, ನನ್ನ ಪರ್ಸಿನಿಂದ ದುಡ್ಡು ಎತ್ತಿ ದಿನಾ ಗೋಬಿ ತಿನ್ನುತ್ತಾಳೆ. ಮನೆಯ ಮುದ್ದೆ ಸೇರುವುದಿಲ್ಲ. ಕಳ್ಳತನ ಕಲಿತಿದ್ದಾಳೆ." ಹುಡುಗಿ ದುಪಟ್ಟಾದ ಅಂಚನ್ನು ಬೆರಳಿಗೆ ಸುತ್ತುತ್ತ, ಬಿಚ್ಚುತ್ತ ಕುಳಿತಿದ್ದಳು.

ತಾಯಿಯನ್ನು ಹೊರಗೆ ಕೂರಿಸಿದ ಮೇಲೆ ನಾನು ಗೋಬಿಯ ಮಾತೆತ್ತಲಿಲ್ಲ. ನಿನ್ನೆ ಎದ್ದಾಗಿನಿಂದ ಎಷ್ಟು ಹೊತ್ತಿಗೆ ಏನು ತಿಂದೆ, ಹೇಳು ಎಂದೆ. ಕಾರ್ಖಾನೆಯ ವ್ಯಾನ್ ಹಿಡಿಯುವ ತಾಯಿ ಬೆಳಗಿನ ಆರಕ್ಕೇ ಮುದ್ದೆ ತೊಳಸಿ, ಸಾರು ಮಾಡಿಟ್ಟು ಹೊರಡುತ್ತಾರೆ. ಅಷ್ಟು ಬೇಗ ಇವಳಿಗೆ ಇಳಿಯದು. ಕಾಫಿ ಕುಡಿದು ಎಂಟರ ಬಸ್ಸು. ಮುದ್ದೆಯನ್ನು ಡಬ್ಬಿಗೆ ಹಾಕಿಕೊಂಡು ಹೋದರೆ ಗೆಳತಿಯರು ನಗುತ್ತಾರೆ. ಮಧ್ಯಾಹ್ನ ಎರಡು ಬಿಸ್ಕೆಟ್. ನಾಲ್ಕೂವರೆಗೆ ಬಸ್ ನಿಲ್ದಾಣದ ಪಕ್ಕದ ತಳ್ಳುಗಾಡಿ.

"ಹೋದ ವರ್ಷ ಹೇಗಿತ್ತು?"

"ಹೈಸ್ಕೂಲಿನಲ್ಲಿ ಬಿಸಿಯೂಟ ಇತ್ತಲ್ಲ ಮೇಡಂ."

ನನಗೆ ಎಳೆ ಸಿಕ್ಕಿದ್ದು ಅಲ್ಲಿ. ಹಾಲು, ಮೊಟ್ಟೆ, ಅನ್ನ ಸಾಂಬಾರು ಎಲ್ಲವೂ ಹತ್ತನೇ ತರಗತಿಯ ಜೊತೆಗೇ ಮುಗಿದಿದ್ದವು. ಅದು ಮನೆಯಲ್ಲಿ ಯಾರಿಗೂ ಹೊಳೆದಿರಲಿಲ್ಲ.

ಅದೇ ವಾರ ವೈದ್ಯ ದಂಪತಿ ಬಂದಿದ್ದರು. ಅವರ ಮಗನಿಗೂ ಹದಿನಾರು. ರಾತ್ರಿ ಹನ್ನೊಂದಕ್ಕೆ ಮೊಬೈಲಿನಲ್ಲಿ ಬರ್ಗರ್ ತರಿಸುತ್ತಾನೆ. ಅಡುಗೆಯವರು ಮಾಡಿಟ್ಟ ಚಪಾತಿ ಹಾಗೆಯೇ ಒಣಗುತ್ತದೆ. ಅವನದು ಹಸಿವಲ್ಲ, ದೊಡ್ಡ ಮೇಜಿನ ಮುಂದೆ ಒಬ್ಬನೇ ಉಣ್ಣುವ ಬೇಸರ. ತಿಂಗಳಿಗೆ ಸವಿತಾಳ ಹತ್ತು ಪಟ್ಟು ಖರ್ಚು ಮಾಡಿದರೂ ಅವನಿಗೆ ಕಳ್ಳನೆಂಬ ಹೆಸರು ಬಂದಿಲ್ಲ. 'ಈ ವಯಸ್ಸಿನ ಚಪಲ' ಎಂದಾಯಿತು. ಹೆಣ್ಣುಮಕ್ಕಳ ಕಥೆ ಇನ್ನೊಂದು. ಹುಡುಗರು ಗಾಡಿಯ ಮುಂದೆ ಗುಂಪು ಕಟ್ಟಿ ನಿಂತು ತಿನ್ನುತ್ತಾರೆ. ಸವಿತಾ ಹಾಫ್ ಪ್ಲೇಟ್ ಪಾರ್ಸೆಲ್ ಕಟ್ಟಿಸಿ, ಬಸ್ಸಿನ ಹಿಂದಿನ ಸೀಟಿನಲ್ಲಿ ಬ್ಯಾಗಿನೊಳಗೇ ಕೈಯಿಟ್ಟು, ಕಡ್ಡಿಯಿಂದ ಒಂದೊಂದೇ ಚುಚ್ಚಿ ಬಾಯಿಗೆ ಹಾಕಿಕೊಳ್ಳುತ್ತಿದ್ದಳು. ಊರವರು ಕಂಡರೆ ಸುದ್ದಿ ಅವಳಿಗಿಂತ ಮೊದಲು ಮನೆ ಸೇರುತ್ತದೆ.

ಕಳ್ಳತನ ಎಂಬ ಮಾತನ್ನು ಇನ್ನು ಆಡಬೇಡಿ ಎಂದು ತಾಯಿಗೆ ಹೇಳಿದೆ. "ಹಾಗಾದರೆ ತಪ್ಪು ನನ್ನದೇ?" ಎಂದು ಆಕೆ ಕಣ್ಣೊರೆಸಿಕೊಂಡರು. ಅಲ್ಲ ಎಂದು ಮನವರಿಕೆ ಮಾಡುವುದರಲ್ಲೇ ಆ ದಿನದ ಅರ್ಧ ಹೊತ್ತು ಹೋಯಿತು. ಹೋಗಲಿ, ಅದು ಬೇಕಿತ್ತು.

ಉಳಿದದ್ದು ಸಣ್ಣ ಏರ್ಪಾಡುಗಳು. ಡಬ್ಬಿಗೆ ಚಿತ್ರಾನ್ನವೋ ಒಗ್ಗರಣೆ ಅವಲಕ್ಕಿಯೋ. ಕಲಸುವ ಕೆಲಸ ಮಗಳದು. ಬ್ಯಾಗಿನಲ್ಲಿ ಹುರಿದ ಕಡಲೆಕಾಯಿ. ವಾರಕ್ಕಿಷ್ಟು ಎಂದು ದುಡ್ಡು ಅವಳ ಕೈಗೇ, ಲೆಕ್ಕ ಕೇಳದೆ. ಗೋಬಿ ಬಿಡಿಸಲು ನಾನು ಹೋಗಲಿಲ್ಲ. ವಾರಕ್ಕೊಮ್ಮೆ, ನಿಂತುಕೊಂಡು, ಎಲ್ಲರೆದುರಿಗೆ ತಿನ್ನು ಎಂದೆ. ಗೋಬಿಗೆ ಕೃತಕ ಬಣ್ಣ ಬೆರೆಸುವುದನ್ನು 2024ರ ಮಾರ್ಚ್‌ನಲ್ಲೇ ರಾಜ್ಯ ಸರ್ಕಾರ ನಿಷೇಧಿಸಿದೆ, ಬೆರಳಿಗೆ ಕೆಂಪು ಹತ್ತಿದರೆ ಆ ಗಾಡಿ ಬೇಡ ಎಂದಾಗ ಅವಳು ಮೊದಲ ಬಾರಿ ನಕ್ಕು, ತನ್ನ ಬೆರಳನ್ನೇ ನೋಡಿಕೊಂಡಳು. ಮೆಟ್ಟಿಲು ಹತ್ತಿದರೆ ಏದುಸಿರು ಎಂದಿದ್ದರಿಂದ ರಕ್ತ ಪರೀಕ್ಷೆಗೆ ಸರ್ಕಾರಿ ಆಸ್ಪತ್ರೆಗೆ ಕಳುಹಿಸಿದೆ. ಹಿಮೋಗ್ಲೋಬಿನ್ ಕಡಿಮೆಯಿತ್ತು, ಕಬ್ಬಿಣಾಂಶದ ಮಾತ್ರೆ ಕೊಟ್ಟರು.

ವೈದ್ಯ ದಂಪತಿಗೆ ಆಹಾರದ ಪಟ್ಟಿ ಬೇಕಿತ್ತು. ವಾರದಲ್ಲಿ ನಾಲ್ಕು ರಾತ್ರಿ ಇಬ್ಬರಲ್ಲಿ ಒಬ್ಬರಾದರೂ ಮಗನ ಜೊತೆ ಊಟಕ್ಕೆ ಕೂರಿ ಎಂದೆ. ಡ್ಯೂಟಿಯ ಸಮಯ ಹೊಂದುವುದಿಲ್ಲ ಎಂದರು.

ಆರು ವಾರದ ನಂತರ ಸವಿತಾ ಒಬ್ಬಳೇ ಬಂದಳು. ಹೋದ ಶನಿವಾರ ತಾಯಿಯೇ ವ್ಯಾನ್ ಇಳಿದು ಗಾಡಿಯ ಮುಂದೆ ಕಾಯುತ್ತಿದ್ದರಂತೆ. "ಅಮ್ಮನಿಗೆ ಖಾರ ಜಾಸ್ತಿಯಾಯಿತು ಮೇಡಂ, ಎರಡು ಲೋಟ ನೀರು ಕುಡಿದರು" ಎಂದಳು. ವೈದ್ಯ ದಂಪತಿ ಎರಡನೇ ಭೇಟಿಗೆ ಬರಲಿಲ್ಲ.