ಓಪನ್‌ಸ್ಕ್ಯಾಡ್‌ನಲ್ಲಿ ರಂಧ್ರ ಕಳೆದರೂ ಬಾಯಿಯಲ್ಲಿ ಪೊರೆ ಉಳಿಯುವುದೇಕೆ? ಬಾಸ್ ಸೇರಿಸಿದೊಡನೆ ರಂಧ್ರ ಮುಚ್ಚಿಹೋಗುವುದೇಕೆ?

ನೀವು ಬರೆದಿರುವುದು ಇಷ್ಟು: ಸಾಲುಸಾಲಾಗಿ ಆಜ್ಞೆ ಬರೆದು ಘನಾಕೃತಿ ರಚಿಸುವ ಓಪನ್‌ಸ್ಕ್ಯಾಡ್ ತಂತ್ರಾಂಶದಲ್ಲಿ 20 ಮಿ.ಮೀ. ದಪ್ಪದ ಬ್ಲಾಕ್‌ನಿಂದ 20 ಮಿ.ಮೀ. ಎತ್ತರದ ಸಿಲಿಂಡರನ್ನು ಕಳೆದಿದ್ದೀರಿ, ಆದರೆ ರಂಧ್ರದ ಬಾಯಿಯಲ್ಲಿ ತೆಳುವಾದ ಪೊರೆಯೊಂದು ಮಿನುಗುತ್ತಿದೆ. ಅದರ ಮೇಲೆ 10 ಮಿ.ಮೀ. ಎತ್ತರದ ಬಾಸ್ (ಮೇಲೆದ್ದ ದುಂಡನೆಯ ಉಬ್ಬು) ಸೇರಿಸಿದಾಗ ರಂಧ್ರವೇ ಮುಚ್ಚಿಹೋಗಿದೆ. ಹೇಗೋ ಸರಿಮಾಡಿ 3ಡಿ ಮುದ್ರಕದಲ್ಲಿ ಮುದ್ರಿಸಿದರೆ 608 ಅಳತೆಯ ಬೇರಿಂಗ್ ಒಳಗೆ ಕೂರುತ್ತಿಲ್ಲ. ತಂತ್ರಾಂಶದಲ್ಲೇ ದೋಷವಿದೆಯೇ ಎಂದು ಕೇಳಿದ್ದೀರಿ. ದೋಷವಿಲ್ಲ. ಮೂರಕ್ಕೂ ಬೇರೆ ಬೇರೆ ಕಾರಣಗಳಿವೆ, ಮೂರೂ ಸುಲಭವಾಗಿ ಸರಿಹೋಗುತ್ತವೆ.

ನಾನು ಪೀಣ್ಯದ ಟೂಲ್ ರೂಮ್‌ಗಳಲ್ಲಿ ಹದಿನೆಂಟು ವರ್ಷ ಡ್ರಿಲ್ಲಿಂಗ್, ಮಿಲ್ಲಿಂಗ್ ಯಂತ್ರಗಳ ಮುಂದೆ ನಿಂತವನು. ಅಲ್ಲಿ ಆರ್‌ಪಾರ್ ರಂಧ್ರ ಕೊರೆಯುವಾಗ ಡ್ರಿಲ್ಲಿನ ತುದಿಯನ್ನು ಲೋಹದ ಕೆಳಮೈಯಲ್ಲಿ ಯಾರೂ ನಿಲ್ಲಿಸುವುದಿಲ್ಲ. ಕೆಳಗೆ ಮರದ ತುಂಡೊಂದನ್ನು ಇಟ್ಟು, ತುದಿ ಅದರೊಳಗೆ ಇಳಿಯುವವರೆಗೂ ಒತ್ತುತ್ತೇವೆ. ಕಂಪ್ಯೂಟರಿನಲ್ಲೂ ಹಾಗೆಯೇ ಮಾಡಬೇಕು. ಕಳೆಯಲಿಕ್ಕಿರುವ ಸಿಲಿಂಡರನ್ನು ಖಾಲಿ ಜಾಗವೆಂದು ಎಣಿಸಬೇಡಿ, ಅದು ನಿಮ್ಮ ಕಟ್ಟರ್. ಅದಕ್ಕೂ ಉದ್ದ, ಸ್ಥಾನ, ತುದಿ ಎಲ್ಲವೂ ಇವೆ. 20 ಮಿ.ಮೀ. ಬ್ಲಾಕ್‌ಗೆ 22 ಮಿ.ಮೀ. ಕಟ್ಟರ್ ಮಾಡಿ, 1 ಮಿ.ಮೀ. ಕೆಳಗಿಳಿಸಿ ಇಡಿ. ಎರಡೂ ಕಡೆ ಒಂದೊಂದು ಮಿಲಿಮೀಟರ್ ಹೊರಗೆ ಚಾಚಿದರೆ ಪೊರೆಯ ಕಥೆ ಮುಗಿಯಿತು.

ಆ ಪೊರೆ ಏಕೆ ಕಾಣುತ್ತದೆ ಎಂಬುದನ್ನೂ ತಿಳಿದುಕೊಳ್ಳುವುದು ಒಳ್ಳೆಯದು. ಮುನ್ನೋಟಕ್ಕೆಂದು ಎಫ್5 ಕೀಲಿ ಒತ್ತಿದಾಗ ಓಪನ್‌ಸ್ಕ್ಯಾಡ್ ಆಕಾರವನ್ನು ನಿಜವಾಗಿ ಕಳೆಯುವುದಿಲ್ಲ. ಓಪನ್‌ಸಿಎಸ್‌ಜಿ ಎಂಬ ತಂತ್ರಾಂಶ ಗ್ರಂಥಾಲಯದ (ಸಿದ್ಧ ಕೋಡ್‌ಗಳ ಸಂಗ್ರಹ) ನೆರವಿನಿಂದ, ಪರದೆಯ ಪ್ರತಿ ಚುಕ್ಕೆಯಲ್ಲೂ ಯಾವ ಮೈ ಹತ್ತಿರ, ಯಾವುದು ದೂರ ಎಂದು ಹೋಲಿಸಿ ಚಿತ್ರ ಬಿಡಿಸುತ್ತದೆ, ಅಷ್ಟೆ. ಬ್ಲಾಕ್‌ನ ಮೇಲ್ಮೈಯೂ ಕಟ್ಟರಿನ ಮೇಲ್ಮೈಯೂ ಒಂದೇ ಆಳದಲ್ಲಿದ್ದರೆ ಆ ಹೋಲಿಕೆಗೆ ಉತ್ತರವಿಲ್ಲ, ಹಾಗಾಗಿ ಚುಕ್ಕೆಗಳು ಮಿನುಗುತ್ತವೆ. ಎಫ್6 ಒತ್ತಿದಾಗ ಮಾತ್ರ ನಿಜವಾದ ಲೆಕ್ಕ ನಡೆಯುತ್ತದೆ, ಪೊರೆ ಬಹುಪಾಲು ಆಗಲೇ ಮಾಯವಾಗುತ್ತದೆ. ಆದರೂ ಅದನ್ನೇ ನಂಬಿ ಕೂರಬೇಡಿ. ಓರೆಯಾಗಿ ತಿರುಗಿಸಿದ ಭಾಗಗಳಲ್ಲಿ ದಶಮಾಂಶದ ಕೊನೆಯ ಅಂಕಿ ಒಂದಿಷ್ಟು ಜರುಗಿದರೂ ಸಾಕು, ಕೂದಲಿಗಿಂತ ತೆಳುವಾದ ಮೈಯೊಂದು ಕಡತದಲ್ಲಿ ನಿಜವಾಗಿಯೇ ಉಳಿದುಬಿಡಬಹುದು.

ಇದು ಹೊಸ ತಲೆನೋವೇನಲ್ಲ. ಸೇರಿಸುವುದು, ಕಳೆಯುವುದು, ಎರಡರಲ್ಲೂ ಇರುವುದನ್ನು ಮಾತ್ರ ಉಳಿಸಿಕೊಳ್ಳುವುದು ಎಂಬ ಈ ಮೂರು ಕ್ರಿಯೆಗಳನ್ನು ಜಾರ್ಜ್ ಬೂಲ್ ಹೆಸರಿನಿಂದ ಕರೆಯುತ್ತಾರೆ. 19ನೆಯ ಶತಮಾನದಲ್ಲಿ ಆತ ಕಟ್ಟಿದ್ದು ತರ್ಕದ ಬೀಜಗಣಿತವನ್ನು, ಅದರಲ್ಲಿ ಘನವಸ್ತುಗಳ ಮಾತಿರಲಿಲ್ಲ. ಘನವಸ್ತುಗಳಿಗೆ ಅದನ್ನು ಹಾಗೆಯೇ ಅನ್ವಯಿಸಿದರೆ ವಿಚಿತ್ರಗಳು ಹುಟ್ಟುತ್ತವೆ. ಮೈಗೆ ಮೈ ತಾಗಿಸಿ ಇಟ್ಟ ಎರಡು ಪೆಟ್ಟಿಗೆಗಳಲ್ಲಿ ಸಮಾನವಾಗಿರುವುದೇನು? ದಪ್ಪವೇ ಇಲ್ಲದ ಒಂದು ಹಾಳೆ! ಅಂಥದ್ದನ್ನು ಯಾವ ಯಂತ್ರವೂ ತಯಾರಿಸಲಾರದು. 1970ರ ದಶಕದಲ್ಲಿ ಅಮೆರಿಕದ ರಾಚೆಸ್ಟರ್ ವಿಶ್ವವಿದ್ಯಾಲಯದಲ್ಲಿ ಹರ್ಬರ್ಟ್ ವೋಲ್ಕರ್ ಮತ್ತು ಅರಿಸ್ಟೈಡಿಸ್ ರೆಕಿಚಾ ಇದನ್ನು ಕ್ರಮಬದ್ಧವಾಗಿ ಬಗೆಹರಿಸಿದರು: ಉತ್ತರದಲ್ಲಿ ಒಳತಿರುಳು ಇರುವುದನ್ನು ಮಾತ್ರ ಇಟ್ಟುಕೊಂಡು, ಅದಕ್ಕೆ ಹೊರಮೈ ಹೊದಿಸಬೇಕು, ದಪ್ಪವಿಲ್ಲದ್ದನ್ನು ಬಿಟ್ಟುಬಿಡಬೇಕು. ಇಂದಿನ ಘನಾಕೃತಿ ತಂತ್ರಾಂಶಗಳ ಬೆನ್ನಲುಬಿನಲ್ಲಿ ಆ ಕೆಲಸವಿದೆ ಎಂದು ನೆನೆದಾಗಲೆಲ್ಲ ನನಗೆ ಗೌರವ ಮೂಡುತ್ತದೆ.

ಈಗ ಬಾಸ್‌ಗೆ ಬರೋಣ. ನೀವು ಮೊದಲು ರಂಧ್ರ ಕೊರೆದು, ಆಮೇಲೆ ಗಟ್ಟಿ ಸಿಲಿಂಡರನ್ನು ತಂದು ಅದರ ಬಾಯಿಯ ಮೇಲೆ ಕೂರಿಸಿದ್ದೀರಿ. ಮುಚ್ಚದೆ ಇನ್ನೇನಾದೀತು? ಬ್ಲಾಕ್, ಬಾಸ್ ಎಲ್ಲವನ್ನೂ ಮೊದಲು ಕೂಡಿಸಿ, ಕೊರೆಯುವುದನ್ನೆಲ್ಲ ಕೊನೆಗಿಡಿ. ಕೂಡಿಸುವವುಗಳ ನಡುವೆ ಹಿಂದುಮುಂದಾದರೆ ನಷ್ಟವಿಲ್ಲ, ಕಟ್ಟರ್‌ಗಳ ನಡುವೆಯೂ ಇಲ್ಲ. ಕೂಡಿಸುವುದು ಮತ್ತು ಕೊರೆಯುವುದು ಅದಲುಬದಲಾದರೆ ಮಾತ್ರ ಉತ್ತರವೇ ಬೇರೆಯಾಗುತ್ತದೆ.

ಇಲ್ಲೊಂದು ಗುಂಡಿಯಿದೆ, ಹೊಸಬರು ಬಹಳ ಮಂದಿ ಬೀಳುತ್ತಾರೆ. ಡಿಫರೆನ್ಸ್ (ಕಳೆಯುವ ಆಜ್ಞೆ) ಆವರಣದೊಳಗೆ ಮೊದಲು ಬರೆದದ್ದು ಮಾತ್ರ ವಸ್ತು, ಅದರ ನಂತರ ಬರೆದದ್ದೆಲ್ಲ ಕಟ್ಟರ್. ಬ್ಲಾಕ್, ಬಾಸ್, ಸಿಲಿಂಡರ್ ಎಂದು ಮೂರು ಸಾಲು ಬರೆದರೆ ಬಾಸ್ ಕೂಡ ಕಳೆದುಹೋಗುತ್ತದೆ. ಬ್ಲಾಕ್ ಮತ್ತು ಬಾಸ್ ಎರಡನ್ನೂ ಯೂನಿಯನ್ (ಕೂಡಿಸುವ ಆಜ್ಞೆ) ಆವರಣದಲ್ಲಿ ಕಟ್ಟಿ, ಆ ಕಟ್ಟನ್ನು ಮೊದಲ ಸ್ಥಾನದಲ್ಲಿಡಿ. ಯಾವುದು ಏನನ್ನು ಕೊರೆಯುತ್ತಿದೆ ಎಂದು ಕಣ್ಣಾರೆ ನೋಡಬೇಕಿದ್ದರೆ ಕಟ್ಟರ್ ಸಾಲಿನ ಮುಂದೆ ಹ್ಯಾಶ್ ಚಿಹ್ನೆ (#) ಹಾಕಿ, ಎಫ್5 ಚಿತ್ರದಲ್ಲಿ ಅದು ಪಾರದರ್ಶಕ ಕೆಂಪಾಗಿ ತೋರುತ್ತದೆ.

ಬಾಸ್ ಬ್ಲಾಕ್‌ನ ಮೇಲ್ಮೈಗೆ ತಾಗಿ ಮಾತ್ರ ನಿಂತಿರುವುದು ಬೇಡ. ಅದನ್ನು 11 ಮಿ.ಮೀ. ಎತ್ತರ ಮಾಡಿ, ಒಂದು ಮಿಲಿಮೀಟರ್ ಒಳಗೆ ಹುಗಿಯಿರಿ. ಎರಡು ಭಾಗಗಳು ಬರೀ ಒಂದು ಅಂಚಿನಲ್ಲಿ ಕೂಡುವುದಂತೂ ಬೇಡವೇ ಬೇಡ: ಒಂದೇ ಅಂಚಿಗೆ ನಾಲ್ಕು ಮೈಗಳು ಸೇರಿದರೆ ಒಳಗು ಯಾವುದು, ಹೊರಗು ಯಾವುದು ಎಂಬ ಲೆಕ್ಕ ಕೆಡುತ್ತದೆ.

ಬೇರಿಂಗ್ ಕೂರದಿರುವುದಕ್ಕೆ ಕಾರಣ ಮಾತ್ರ ಕಣ್ಣಿಗೆ ಕಾಣದಂಥದ್ದು. 608ರ ಹೊರವ್ಯಾಸ 22 ಮಿ.ಮೀ., ಅಗಲ 7 ಮಿ.ಮೀ. ನೀವು 22 ಎಂದೇ ಬರೆದಿದ್ದೀರಿ, ತಪ್ಪಿಲ್ಲ. ಆದರೆ ಓಪನ್‌ಸ್ಕ್ಯಾಡ್‌ನ ವೃತ್ತ ನಿಜವಾದ ವೃತ್ತವಲ್ಲ, ಬಹುಭುಜ. ನೀವೇನೂ ಹೇಳದಿದ್ದರೆ ಈ ಅಳತೆಗೆ 30 ಬದಿಗಳು ಸಿಗುತ್ತವೆ. ಮೂಲೆಗಳು ವೃತ್ತದ ಮೇಲಿರುತ್ತವೆ, ಬದಿಗಳ ನಡುಭಾಗ ಒಳಗೆ ಸರಿದಿರುತ್ತದೆ. 11ನ್ನು 6 ಡಿಗ್ರಿಯ ಕೊಸೈನ್‌ನಿಂದ ಗುಣಿಸಿ ನೋಡಿ: 10.94. ಎದುರುಬದುರು ಬದಿಗಳ ನಡುವಿನ ಅಂತರ 21.88 ಮಿ.ಮೀ. ಮಾತ್ರ. ಇದು ತಿಳಿಯದಿದ್ದ ಕಾಲದಲ್ಲಿ ನಾನು ಬೇರಿಂಗನ್ನು ಮರದ ಸುತ್ತಿಗೆಯಿಂದ ತಟ್ಟಿ ಕೂರಿಸಲು ಹೋದೆ, ಬಾಸ್ ಸೀಳಿತು. ಆರು ಗಂಟೆ ಮುದ್ರಿಸಿದ ಭಾಗವದು, ಬಹಳ ಬೇಸರವಾಯಿತು. ಬದಿಗಳ ಸಂಖ್ಯೆಯನ್ನು ಹೇಳುವ ಡಾಲರ್ ಎಫ್‌ಎನ್ ($fn) ಬೆಲೆಯನ್ನು 180 ಮಾಡಿದರೆ ಆ ಅಂತರ 21.997ಕ್ಕೆ ಏರುತ್ತದೆ. ಇದರ ಮೇಲೆ ಪ್ಲಾಸ್ಟಿಕ್‌ಗೂ ಸ್ವಲ್ಪ ಜಾಗ ಬಿಡಬೇಕು, ವ್ಯಾಸವನ್ನು 22.1ರಿಂದ ಶುರುಮಾಡಿ.

ನಿಮ್ಮ ಅಳತೆಗಳಿಗೆ ಹೇಳುವುದಾದರೆ ಬೇರಿಂಗ್ ಕೂರುವ ಕುಳಿಯ ತಳ ಬ್ಲಾಕ್‌ನ ತಳದಿಂದ 23ನೇ ಮಿಲಿಮೀಟರಿನಲ್ಲಿ, ಕಟ್ಟರಿನ ಎತ್ತರ 8. ಇಲ್ಲಿ ಮೇಲಕ್ಕೆ ಮಾತ್ರ ಚಾಚಬೇಕು. ಕೆಳಕ್ಕೂ ಚಾಚಿದರೆ ಕುಳಿ ಆಳವಾಗಿ ಬೇರಿಂಗ್ ಒಳಗೆ ಮುಳುಗುತ್ತದೆ. ದಂಡ ಹಾಯುವ ರಂಧ್ರದ ಕಟ್ಟರ್ ಈಗ ಬಾಸನ್ನೂ ದಾಟಬೇಕಲ್ಲ, ಅದಕ್ಕೆ 32 ಮಿ.ಮೀ. ಎತ್ತರ ಕೊಟ್ಟು, 1 ಮಿ.ಮೀ. ಕೆಳಗಿನಿಂದ ಶುರುಮಾಡಿ.

ಇಡೀ ಬ್ಲಾಕ್ ಮುದ್ರಿಸುವ ಆತುರ ಬೇಡ. ಈವರೆಗಿನ ಇಡೀ ಆಕಾರವನ್ನು ಇಂಟರ್‌ಸೆಕ್ಷನ್ (ಎರಡರಲ್ಲೂ ಇರುವುದನ್ನು ಮಾತ್ರ ಉಳಿಸುವ ಆಜ್ಞೆ) ಆವರಣದಲ್ಲಿಟ್ಟು, ಅದರ ಜೊತೆಗೆ 21ರಿಂದ 31ನೇ ಮಿಲಿಮೀಟರಿನವರೆಗಿನ ಒಂದು ಅಗಲವಾದ ಪೆಟ್ಟಿಗೆ ಬರೆಯಿರಿ. ಬಾಸ್‌ನ ಮೇಲ್ಭಾಗ ಮಾತ್ರ ಬಳೆಯಂತೆ ಉಳಿಯುತ್ತದೆ, ಬೇಗನೆ ಮುದ್ರಣವಾಗುತ್ತದೆ. ಬೇರಿಂಗ್ ಹೆಬ್ಬೆರಳಿನ ಒತ್ತಡಕ್ಕೆ ಕೂತರೆ ಆ ಪೆಟ್ಟಿಗೆಯನ್ನೂ ಆವರಣವನ್ನೂ ಅಳಿಸಿ, ಪೂರ್ತಿ ಭಾಗವನ್ನು ಮುದ್ರಣಕ್ಕೆ ಹಾಕಿ. ಬಿಗಿಯಾದರೆ 22.2 ಮಾಡಿ ಬಳೆಯನ್ನು ಇನ್ನೊಮ್ಮೆ ಮುದ್ರಿಸಿ ನೋಡಿ.